ಕಣ್ಣು ಮುಚ್ಚಿದರೆ ಕತ್ತಲೆ

ಬೇಲೂರಿನ ಶ್ರೀರಂಗಮ್ಮನವರ ಮನೆಯಲ್ಲಿ ಒಂದು ಪದ್ಧತಿ. ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಕ್ಕಳನ್ನು ದೇವರ ಮನೆಯ ಮುಂದೆ ಕೂರಿಸಿ, ಕಣ್ಣು ಮುಚ್ಚಿಸಿ, ಕೇಶವನನ್ನು ಪಾದದಿಂದ ಕಿರೀಟದವರೆಗೆ ಮನಸ್ಸಿನಲ್ಲೇ ನೋಡಿಸಬೇಕು. ಗೆಜ್ಜೆ ಕಾಣಿಸ್ತಾ, ಪೀತಾಂಬರದ ಅಂಚು ಯಾವ ಬಣ್ಣ ಎಂದು ಒಂದೊಂದಾಗಿ ಕೇಳುವರು. ಮೊಮ್ಮಗ ವೇದಾಂತ್ ಭಲೇ ಬಾಯಿಬಡುಕ. ಅಂಚಿನ ಜೊತೆಗೆ ಅದರ ಮೇಲಿನ ಹಂಸವನ್ನೂ ಕಂಡುಬಿಡುತ್ತಿದ್ದ.

ತೊಂದರೆ ಬಂದದ್ದು ಅವನ ಅಕ್ಕ ಮೇಧಿನಿಯಿಂದ. ಆರನೇ ಕ್ಲಾಸಿನ ಹುಡುಗಿ. ಅಷ್ಟು ದಿನ ತಮ್ಮ ಹೇಳಿದ್ದನ್ನೇ ತಾನೂ ಹೇಳಿ ಪಾರಾಗುತ್ತಿದ್ದವಳು ಒಂದು ಸಂಜೆ ನಿಜ ಹೇಳಿದಳು. ನನಗೆ ಏನೂ ಕಾಣಲ್ಲ, ಬರೀ ಕತ್ತಲೆ ಎಂದಳು. ಇನ್ನೊಂದು ಸಲ ನೋಡು ಅಂದರು. ಆಗಲೂ ಕತ್ತಲೆಯೇ. ಶ್ರೀರಂಗಮ್ಮನವರಿಗೆ ರೇಗಿತು. ಭಕ್ತಿ ಇಲ್ಲದವರಿಗೆ ದೇವರು ಎಲ್ಲಿಂದ ಕಾಣ್ತಾನೆ ಎಂದುಬಿಟ್ಟರು. ಆಡಬಾರದ ಮಾತು, ಬಾಯಿ ಜಾರಿ ಬಂತು.

ಅಲ್ಲಿಂದ ಹುಡುಗಿ ದೇವರ ಮನೆ ಕಡೆ ತಲೆ ಹಾಕಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬರುತ್ತಿತ್ತು. ದೃಷ್ಟಿ ತೆಗೆದದ್ದಾಯಿತು, ಹರಕೆ ಹೊತ್ತದ್ದಾಯಿತು. ಒಂದು ದಿನ ಪ್ರಸಾದದ ಹೂವು ಮುಡಿಸಲು ಹೋದರೆ ಮೇಧಿನಿ ತಲೆ ಹಿಂದಕ್ಕೆಳೆದುಕೊಂಡಳು.

"ದೇವರಿಗೆ ನಾನು ಬೇಡ ಅಜ್ಜಿ. ಬೇಕಾಗಿದ್ರೆ ನನಗೂ ಕಾಣಿಸ್ಕೋತಿದ್ದ."

ಶ್ರೀರಂಗಮ್ಮನವರಿಗೆ ದಿಗಿಲಾಯಿತು. ಮಗು ಕೈ ತಪ್ಪಿ ಹೋಗುತ್ತಿದೆ ಅನ್ನಿಸಿತು.

ಮಾರನೇ ದಿನ ಎದುರು ಮನೆಯ ಸೌಂದರ್ಯ ಕರಿಬೇವು ಕೇಳಿಕೊಂಡು ಬಂದಳು. ಗೆಂಡೆಹಳ್ಳಿ ಕಡೆಯವಳು. ಶಾಲೆಗಳಿಗೆ ಹೋಗಿ ಮಕ್ಕಳ ಜೊತೆ ಮಾತಾಡುವ ಸಮಾಲೋಚಕಿ. ಶ್ರೀರಂಗಮ್ಮನವರು ಅವಳ ಮುಂದೆ ಎಲ್ಲವನ್ನೂ ಹೇಳಿಕೊಂಡು, ಮಗುವಿನ ತಲೆಗೆ ಏನೋ ಆಗಿದೆ, ಒಳ್ಳೆ ಡಾಕ್ಟರ್ ಇದ್ದರೆ ಹೇಳು ಎಂದರು.

"ಅಮ್ಮ, ಮಗು ಸುಳ್ಳು ಹೇಳ್ತಿಲ್ಲ, ಹಟಾನೂ ಮಾಡ್ತಿಲ್ಲ. ಕೆಲವರ ಮನಸ್ಸಲ್ಲಿ ಚಿತ್ರ ಮೂಡೋದೇ ಇಲ್ಲ. ಅದು ಕಾಯಿಲೆ ಅಲ್ಲ, ಹುಟ್ಟಿನಿಂದ್ಲೇ ಅವರ ಮನಸ್ಸು ಹಂಗೈತೆ."

ಶ್ರೀರಂಗಮ್ಮನವರು ಸುಲಭಕ್ಕೆ ಒಪ್ಪುವ ಪೈಕಿ ಅಲ್ಲ. ಚಿತ್ರ ಇಲ್ಲದೆ ನೆನಪು ಹೇಗಮ್ಮ ಬರುತ್ತೆ, ಇದೆಲ್ಲ ಪುಸ್ತಕದ ಮಾತು ಎಂದರು. ಸೌಂದರ್ಯ ವಾದಕ್ಕೆ ನಿಲ್ಲಲಿಲ್ಲ. ಕಣ್ಣು ಮುಚ್ಚಿ ನಿಮ್ಮ ತವರಿನ ಅಡುಗೆಮನೆ ನೆನೆಸ್ಕೊಳ್ಳಿ ಅಂದಳು. ಶ್ರೀರಂಗಮ್ಮನವರಿಗೆ ಒಲೆ, ಹಂಡೆ, ಗೋಡೆಯ ಮಸಿ ಎಲ್ಲಾ ಕಂಡಿತು. ಈಗ ಮನೆಯಲ್ಲಿ ಇನ್ನೊಬ್ಬರನ್ನು ಕೇಳಿ ಅಂದಳು.

ಜಗಲಿಯ ಮೇಲೆ ಯಜಮಾನರು ಭಾಷ್ಯಂ ತುಳಸಿ ಮಾಲೆ ಕಟ್ಟುತ್ತಾ ಕೂತಿದ್ದರು. ಪಕ್ಕದ ಹಳ್ಳಿಯ ಗುಡಿಯಲ್ಲಿ ದೇವರಿಗೆ ಅಲಂಕಾರ ಮಾಡುವುದರಲ್ಲೇ ತಲೆಗೂದಲು ಬೆಳ್ಳಗಾದವರು. ಇವರನ್ನು ಬೇಕಾದ್ರೆ ಕೇಳು, ಇವರಿಗೆ ಕಂಡಷ್ಟು ಇನ್ಯಾರಿಗೆ ಕಾಣುತ್ತೆ ಎಂದು ಶ್ರೀರಂಗಮ್ಮನವರೇ ಜಂಬದಿಂದ ಮುಂದೆ ಬಿಟ್ಟರು. ಗುಡಿಯ ದೇವರನ್ನು ನೆನೆಸ್ಕೊಳ್ಳಿ ಅಂದಾಗ ಭಾಷ್ಯಂ ಮಾಲೆ ಬದಿಗಿಟ್ಟು ಕಣ್ಣು ಮುಚ್ಚಿಕೊಂಡರು.

"ನನಗೇನೂ ಕಾಣಲ್ಲ ಕಣೇ. ಯಾವತ್ತೂ ಕಂಡಿಲ್ಲ. ಮನಸ್ಸಿನಲ್ಲಿ ನೋಡಿ ಅಂತ ನೀನು ಮಕ್ಕಳಿಗೆ ಹೇಳೋದು ಬರೀ ಮಾತಿಗೆ ಅಂದ್ಕೊಂಡಿದ್ದೆ. ನಿನಗೆ ನಿಜವಾಗ್ಲೂ ಕಾಣುತ್ತಾ?"

ಮತ್ತೆ ಅಲಂಕಾರ ಹೇಗೆ ಮಾಡ್ತೀರಿ ಎಂದು ಶ್ರೀರಂಗಮ್ಮನವರು ಬಾಯಿ ಬಿಟ್ಟುಕೊಂಡು ಕೇಳಿದರು. ಯಾವ ಒಡವೆ ಎಲ್ಲಿಗೆ ಅಂತ ಗೊತ್ತು, ಕೈ ತಾನಾಗಿ ಹೋಗುತ್ತೆ, ಅದಕ್ಕೆ ಚಿತ್ರ ಯಾಕೆ ಎಂದರು ಅವರು. ಸೌಂದರ್ಯ ನಕ್ಕಳು. ಕೆಲವು ಮನೆಗಳಲ್ಲಿ ಇದು ಒಬ್ಬರಿಗಿಂತ ಹೆಚ್ಚು ಜನಕ್ಕೆ ಇರುವುದುಂಟಂತೆ. ಕೆಲವರಿಗೆ ಸಿನಿಮಾದಂತೆ ಕಾಣುತ್ತದೆ, ಕೆಲವರಿಗೆ ಮಸುಕು ಮಸುಕು, ಕೆಲವರಿಗೆ ಏನೂ ಇಲ್ಲ. ಅದರಿಂದ ಬುದ್ಧಿಯಾಗಲಿ ಭಕ್ತಿಯಾಗಲಿ ಕಡಿಮೆಯಾಗುವುದಿಲ್ಲ. ಮೊದಲು ಕಾಣುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತುಹೋದರೆ ಮಾತ್ರ ವೈದ್ಯರಿಗೆ ತೋರಿಸಬೇಕು ಎಂದಳು.

ಶ್ರೀರಂಗಮ್ಮನವರಿಗೆ ಅಳು ಬಂತು. ಇಷ್ಟು ಕಾಲ ಸಂಸಾರ ಮಾಡಿಯೂ ಗಂಡನ ಮನಸ್ಸಿನ ರೀತಿ ಗೊತ್ತಿರಲಿಲ್ಲ. ಅವರನ್ನು ದೊಡ್ಡ ಭಕ್ತರೆಂದು ಹೊಗಳಿದ ಬಾಯಲ್ಲೇ, ಅವರಂತೆಯೇ ಇರುವ ಮಗುವಿಗೆ ಭಕ್ತಿ ಇಲ್ಲ ಎಂದಿದ್ದರು. ಮೇಧಿನಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನಿಮ್ಮ ತಾತನಿಗೂ ಕಾಣಲ್ವಂತೆ ಕಣೇ. ನಾನು ಹಾಗಂದಿದ್ದು ತಪ್ಪು."

ಹುಡುಗಿ ಅಜ್ಜಿಯ ಮುಖ ನೋಡಲಿಲ್ಲ. ತಾತನ ಕಡೆ ತಿರುಗಿದಳು.

"ಹಾಗಾದ್ರೆ ದೇವರು ನಿಮ್ಮನ್ನೂ ಬೇಡ ಅಂದಿದಾನಾ ತಾತ?"

"ಬೇಡ ಅಂದಿದ್ರೆ ಇಷ್ಟು ವರ್ಷ ನನ್ನ ಕೈಯಿಂದ ಮುಟ್ಟಿಸ್ಕೋತಿದ್ನೇನೇ?" ಎಂದರು ಭಾಷ್ಯಂ.

ಆ ಸಂಜೆ ಹೊಟ್ಟೆನೋವು ಬರಲಿಲ್ಲ. ಶ್ರೀರಂಗಮ್ಮನವರು ಕಾಣಿಸ್ತಾ ಎಂದು ಕೇಳಲಿಲ್ಲ, ನಿನಗೆ ದೇವರು ಹೇಗೆ ನೆನಪಾಗ್ತಾನೆ ಎಂದು ಕೇಳಿದರು. ಹೆಸರುಗಳಲ್ಲಿ ಎಂದಳು ಮೇಧಿನಿ. ಕೇಶವನ ಹೆಸರುಗಳನ್ನು ಒಂದರ ಹಿಂದೆ ಒಂದು, ತಡವರಿಸದೆ ಹೇಳತೊಡಗಿದಳು. ವೇದಾಂತ್ ಅರ್ಧಕ್ಕೇ ಹಿಂದುಳಿದ. ಅಜ್ಜಿ ಮಧ್ಯೆ ಬಾಯಿ ಹಾಕದೆ ಕೇಳಿದರು.

ಅಕ್ಕಂದಿರೇ, ಅಣ್ಣಂದಿರೇ, ಇವತ್ತು ಊಟಕ್ಕೆ ಕೂತಾಗ ನಿಮ್ಮ ಮನೆಯವರನ್ನೂ ಕೇಳಿ ನೋಡಿ: ಕಣ್ಣು ಮುಚ್ಚಿದರೆ ನಿಮಗೇನು ಕಾಣುತ್ತೆ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮನಸ್ಸಿನ ರೀತಿ ಬೇರೆಯಾಗಿರುವುದು ಇದೊಂದರಲ್ಲೇ ಅಲ್ಲ; ಒಂದು ಮಗುವಿಗೆ ಓದುವಾಗ ಅಕ್ಷರ ಕಲಸಿಹೋಗಬಹುದು, ಇನ್ನೊಂದಕ್ಕೆ ಗದ್ದಲ ತಡೆಯಲಾಗದಿರಬಹುದು. ಕಷ್ಟವಾಗುತ್ತಿದ್ದರೆ ಶಾಲೆಯಲ್ಲಿ ಅಥವಾ ಆಸ್ಪತ್ರೆಯಲ್ಲಿ ವಿಚಾರಿಸಿ, ಸಹಾಯ ಉಂಟು. ಸೋಮಾರಿ, ಹಟಮಾರಿ ಎಂದು ಹೆಸರಿಡಬೇಡಿ. ನನಗೆ ಹೀಗಿದೆ ಎಂದು ಮಗು ಹೇಳಿದ ದಿನ, ದಯವಿಟ್ಟು ಅದರ ಮಾತು ನಂಬಿ.