ಅರವತ್ತಕ್ಕೆ ನಿಂತ ಪರದೆ

ಅಂಗಡಿಯವನು ಎರಡು ಮಾನಿಟರುಗಳನ್ನು ಅಕ್ಕಪಕ್ಕ ಇಟ್ಟು, ಸ್ವಂತ ಮಕ್ಕಳನ್ನು ತೋರಿಸುವವನಂತೆ ಎದೆಯುಬ್ಬಿಸಿ ನಿಂತ. ಎಡಗಡೆಯದು ಮೂವತ್ತೆರಡು ಇಂಚಿನದು, ಬಾಗಿದ ಪರದೆ, ವೇಗ ನೂರ ಅರವತ್ತೈದು ಹರ್ಟ್ಜ್. ಬಲಗಡೆಯದು ಇಪ್ಪತ್ತನಾಲ್ಕು ಇಂಚು, ಚಪ್ಪಟೆ, ಇನ್ನೂರ ನಲವತ್ತು. ನೋಡಲು ಯಾವುದೋ ಕಚೇರಿಯ ಮೇಜಿನಿಂದ ಎದ್ದು ಬಂದ ಹಾಗಿತ್ತು.

"ಇದರಲ್ಲಿ ಯೋಚಿಸೋದೇನಿದೆ?" ಎಂದರು ಭಾವ, ಅವಳ ಗಂಡನ ಅಣ್ಣ. ಅವರ ಕೈ ಆಗಲೇ ದೊಡ್ಡದರ ಬೆನ್ನು ಸವರುತ್ತಿತ್ತು. "ದೊಡ್ಡದೇ. ಹಾಲಲ್ಲಿ ಇಟ್ಟರೆ ಅಮ್ಮನೂ ಕೂತು ಸೀರಿಯಲ್ ನೋಡಬಹುದು."

ಅವಳ ಕಣ್ಣು ಚಿಕ್ಕದರ ಮೇಲಿತ್ತು. ಎಂಟು ತಿಂಗಳಿಂದ ಅವಳು ಮಾತಾಡದಿರುವುದೇ ಮನೆಯವರಿಗೆಲ್ಲ ರೂಢಿಯಾಗಿತ್ತು. ಗಂಡ ತೀರಿಕೊಂಡ ಮೂರನೇ ತಿಂಗಳಲ್ಲಿ ಭಾವ ಬಂದು, "ಸುಮ್ಮನೆ ಧೂಳು ತಿಂತಾ ಇದೆ" ಎಂದು ಅವನ ಮಾನಿಟರನ್ನು ಅವುಚಿಕೊಂಡು ಹೊರಟಾಗಲೂ ಅವಳು ತುಟಿ ಬಿಚ್ಚಿರಲಿಲ್ಲ. ಕಾಲಿಗೆ ತೊಡರದಿರಲಿ ಎಂದು ವೈರನ್ನು ತಾನೇ ಸುತ್ತಿಕೊಟ್ಟಿದ್ದಳು.

ಉಳಿದದ್ದು ಅವಳ ಹಳೆಯ ಮಾನಿಟರು. ಅದೂ ಹೋದ ವಾರ ನಟ್ಟನಡುವೆ ಹಸಿರು ಗೆರೆ ಎಳೆದುಕೊಂಡು ಕೈಕೊಟ್ಟಿತು. ಶನಿವಾರ ಮಧ್ಯಾಹ್ನ ಎರಡಕ್ಕೆ ತಂಡದ ಆಯ್ಕೆ. ಐದು ಜನರ ತಂಡದಲ್ಲಿ ಒಂದು ಜಾಗ ಖಾಲಿಯಿತ್ತು. ಕಂಪ್ಯೂಟರಿನಲ್ಲಿ, ಆನ್‌ಲೈನಿನಲ್ಲಿ ಗುಂಡು ಹಾರಿಸುವ ಆಟ. ದೂರದಿಂದ ಗುರಿಯಿಡುವುದು ಅವಳ ಕೆಲಸ. ಅಲ್ಲಿ ಅವಳ ಹೆಸರು ಗೂಬೆ. ಇಂಥ ಹೆಸರು ಯಾಕೆ ಎಂದು ಅತ್ತೆ ಮೊದಲೆಲ್ಲ ಗೊಣಗುತ್ತಿದ್ದರು. ಈಗ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಎತ್ತದಿರುವುದೇ ಹೆಚ್ಚು ಕೇಳಿಸುತ್ತಿತ್ತು.

"ಅವನಿಗೂ ಇದೇ ಆಸೆ ಇತ್ತಲ್ಲಮ್ಮ," ಭಾವ ದನಿ ತಗ್ಗಿಸಿ ಫೋನು ಮುಂದೆ ಹಿಡಿದರು. "ನೋಡು, ನನಗೆ ಫೋಟೋ ಕಳಿಸಿದ್ದ."

ನಿಜ. ಇದೇ ಬಾಗಿದ ಮಾನಿಟರು. ಕೆಳಗೆ 'ಅಣ್ಣಾ, ತಗೊಂಡರೆ ಇದೇ' ಎಂದು ಬರೆದು ಮೂರು ಆಶ್ಚರ್ಯಚಿಹ್ನೆ ಹಾಕಿದ್ದ. ಅವನು ಯಾವುದಕ್ಕೂ ಮೂರಕ್ಕಿಂತ ಕಡಿಮೆ ಹಾಕಿದವನೇ ಅಲ್ಲ. ಅವಳು ಆ ಮೂರನ್ನೂ ಮತ್ತೊಮ್ಮೆ ನೋಡಿದಳು. ಹೂಂ ಎಂದರೆ ಸಾಕಿತ್ತು. ದೊಡ್ಡದು ಹಾಲಿಗೆ ಹೋಗುತ್ತಿತ್ತು, ಶನಿವಾರ ಬರುತ್ತಿತ್ತು, ಹೋಗುತ್ತಿತ್ತು.

"ಎರಡೂ ಆನ್ ಮಾಡಿದೀನಿ ಮೇಡಂ, ನೀವೇ ನೋಡಿ," ಎಂದ ಅಂಗಡಿಯವನು.

"ನನಗಂತೂ ಎರಡೂ ಒಂದೇ ಥರ ಕಾಣುತ್ತಪ್ಪ," ಭಾವ ನಕ್ಕರು. "ಇನ್ನೂರ ನಲವತ್ತಂತೆ! ಇರೋದು ಎರಡು ಕಣ್ಣು."

ಅವಳು ಮೌಸ್ ಹಿಡಿದು ಬಾಣದ ಗುರುತನ್ನು ಜೋರಾಗಿ ಸುತ್ತಿಸಿದಳು. ಎರಡು ಪರದೆಗಳಲ್ಲೂ ಬಾಣ ಹರಿದ ಸರದ ಮಣಿಗಳಂತೆ ದೂರ ದೂರ ಚೆದುರಿತು.

"ಎರಡೂ ಅರವತ್ತರಲ್ಲಿವೆ," ಎಂದಳು.

"ಛೇ, ಇಲ್ಲ ಮೇಡಂ! ಡಬ್ಬದ ಮೇಲೇ ಬರೆದಿದೆ ನೋಡಿ."

"ಡಬ್ಬ ಆಡಲ್ಲ."

ಪರದೆಗೆ ಸೆಕೆಂಡಿಗೆ ಇನ್ನೂರ ನಲವತ್ತು ಸಲ ಚಿತ್ರ ಬದಲಿಸುವ ತಾಕತ್ತಿದ್ದರೆ ಸಾಲದು. ಹಾಗೆ ಬದಲಿಸು ಎಂದು ಕಂಪ್ಯೂಟರಿಗೆ ಹೇಳಬೇಕು. ಹೇಳದಿದ್ದರೆ ಅದು ಅರವತ್ತಕ್ಕೇ ನಿಂತುಬಿಡುತ್ತದೆ. ಅವಳು ಸೆಟ್ಟಿಂಗ್ಸ್ ತೆರೆದು ಎರಡನ್ನೂ ಅವುಗಳ ಪೂರ್ತಿ ವೇಗಕ್ಕೆ ಏರಿಸಿದಳು. ಮತ್ತೆ ಬಾಣ ಸುತ್ತಿಸಿದಳು. ಚಿಕ್ಕದರಲ್ಲಿ ಅದು ನೂಲಿನ ಹಾಗೆ ಎಲ್ಲೂ ಕಡಿಯದೆ ಓಡಿತು.

ಅಂಗಡಿಯವನು ತಲೆ ಕೆರೆದುಕೊಂಡ. "ಆರು ತಿಂಗಳಿಂದ ಹೀಗೇ ಮಾರ್ತಾ ಇದೀನಲ್ಲ..."

"ನಮ್ಮ ಹುಡುಗ ಇದ್ದಿದ್ದರೆ ನಿಂತ ನಿಲುವಲ್ಲೇ ಹಿಡಿದುಬಿಡ್ತಿದ್ದ," ಎಂದರು ಭಾವ.

ಇಲ್ಲ, ಹಿಡಿಯುತ್ತಿರಲಿಲ್ಲ. ಅವನು ತನ್ನ ನೂರ ನಲವತ್ತನಾಲ್ಕರ ಮಾನಿಟರನ್ನು ಒಂದು ವರ್ಷ ಅರವತ್ತರಲ್ಲೇ ಆಡಿಸಿದ್ದ, ಬಂದವರಿಗೆಲ್ಲ ಅದರ ಬಡಾಯಿ ಕೊಚ್ಚಿದ್ದ. ಒಂದು ದಿನ ಅವನು ಸ್ನಾನಕ್ಕೆ ಹೋದಾಗ ಅವಳು ಸದ್ದಿಲ್ಲದೆ ಬದಲಾಯಿಸಿಟ್ಟಳು. ಅಂದೇ ಮೊದಲ ಸಲ ಅವಳನ್ನು ಸೋಲಿಸಿದ. 'ಹೊಸ ಮೌಸ್ ಮಹಿಮೆ ನೋಡೇ' ಎಂದು ಮನೆಯೆಲ್ಲ ಕುಣಿದಾಡಿದ. ಅವಳು ಯಾರಿಗೂ ಹೇಳಲಿಲ್ಲ. ಇವರಿಗೂ ಹೇಳುವುದಿಲ್ಲ.

"ಸರಿ, ದೊಡ್ಡದೂ ಈಗ ಚೆನ್ನಾಗಿ ಓಡ್ತಿದೆಯಲ್ಲ," ಎಂದರು ಭಾವ. "ಅದನ್ನೇ ಕಟ್ಟಿಸೋಣ."

"ಚೆನ್ನಾಗೇ ಇದೆ. ಆದರೆ ಆಟದಲ್ಲಿ ಪರದೆ ಮೂಲೇಲಿ ಯಾರಾದರೂ ಬಂದರೆ ನಾನು ಕತ್ತು ತಿರುಗಿಸಬೇಕು. ಅಷ್ಟರಲ್ಲಿ ಸತ್ತಿರ್ತೀನಿ."

ಆ ಮಾತು ಮೂವರ ನಡುವೆ ದೊಪ್ಪೆಂದು ಬಿತ್ತು. ಅಂಗಡಿಯವನಿಗೆ ವಿಷಯ ಗೊತ್ತಿಲ್ಲದಿದ್ದರೂ ಅವನೂ ನೆಲ ನೋಡಿದ. ಅವಳು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಅವನ ಆಸೆ..." ಭಾವ ಶುರುಮಾಡಿದರು.

"ಅವರ ಆಸೆ ಅವರದು, ಭಾವ. ಶನಿವಾರ ಆಡೋಳು ನಾನು."

"ಇನ್ನೂ ವರ್ಷವೂ ಆಗಿಲ್ಲ. ಬಂದೂಕು ಹಿಡಿದು ಆಡ್ತಾಳೆ ಅಂದರೆ ಜನ ಏನಂತಾರೆ?"

"ಗೂಬೆ ಅಂತಾರೆ. ಅದು ನಾನೇ ಇಟ್ಕೊಂಡ ಹೆಸರು." ಅವಳು ಅಂಗಡಿಯವನ ಕಡೆ ತಿರುಗಿದಳು. "ಚಿಕ್ಕದನ್ನ ಕಟ್ಟಿಕೊಡಿ. ಡಬ್ಬದ ಒಳಗಿರೋ ವೈರೇ ಇರಲಿ, ಬೇರೆ ಯಾವುದೋ ತುರುಕಿದರೆ ಇಷ್ಟು ವೇಗ ಬರಲ್ಲ."

ಡಬ್ಬ ಎತ್ತಿಕೊಳ್ಳಲು ಭಾವ ಬಾಗಿದರು. ಅಷ್ಟರಲ್ಲಿ ಅವಳೇ ಎತ್ತಿಕೊಂಡಿದ್ದಳು. ಮೆಟ್ಟಿಲ ಬಳಿ ನಿಂತು ಹೇಳಿದಳು: "ನಿಮ್ಮನೇಲಿ ಇದೆಯಲ್ಲ, ಅವರ ಮಾನಿಟರು. ನಿಮ್ಮ ಕಂಪ್ಯೂಟರಿಗೆ ಹಾಕಿದ ಮೇಲೆ ಅದೂ ಅರವತ್ತಕ್ಕೇ ಬಂದಿರುತ್ತೆ. ಸರಿಮಾಡ್ಕೊಳ್ಳಿ. ಆಗಲ್ಲ ಅಂದರೆ ವಾಪಸ್ ತಂದುಕೊಡಿ."

ಭಾವ ಖಾಲಿ ಕೈಯಲ್ಲಿ ಅವಳ ಹಿಂದೆ ಮೆಟ್ಟಿಲಿಳಿದರು.

ಶನಿವಾರ ಎರಡಕ್ಕೆ ಹತ್ತು ನಿಮಿಷವಿದ್ದಾಗ ಅತ್ತೆ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಹೊಸ ಪರದೆಯನ್ನು ಮೇಲಿಂದ ಕೆಳಗೆ ನೋಡಿದರು.

"ಇಷ್ಟೇನಾ?"

"ಇಷ್ಟೇ."

"ಅವನು ಹೇಳಿದ್ದು ತರಬಹುದಿತ್ತು."

"ತರಬಹುದಿತ್ತು," ಎಂದಳು ಅವಳು.

"ಎಷ್ಟು ಹೊತ್ತು ಈ ಗಲಾಟೆ?"

"ಒಂದೂವರೆ ಗಂಟೆ. ಹೆಡ್‌ಫೋನ್ ಹಾಕ್ಕೋತೀನಿ, ಗುಂಡಿನ ಸದ್ದು ಕೇಳಿಸಲ್ಲ. ನನ್ನ ಬಾಯಿ ಮಾತ್ರ ಕೇಳಿಸುತ್ತೆ. ಜೋರಾಗೇ ಇರುತ್ತೆ, ಅತ್ತೆ."

ಅತ್ತೆ ಸೆರಗು ಸರಿಪಡಿಸಿಕೊಂಡು ಹೊರಗೆ ಹೋದರು. ಬಾಗಿಲನ್ನು ಎಳೆದುಕೊಂಡರು, ಆದರೆ ಪೂರ್ತಿ ಮುಚ್ಚಲಿಲ್ಲ.

ಅವಳು ಸೆಟ್ಟಿಂಗ್ಸ್ ತೆರೆದು ಇನ್ನೊಮ್ಮೆ ನೋಡಿದಳು. ಇನ್ನೂರ ನಲವತ್ತು. ಹೆಡ್‌ಫೋನ್ ಏರಿಸಿದಳು.

"ಗೂಬೆ, ಇದೀಯಾ?" ಕಿವಿಯಲ್ಲಿ ಕ್ಯಾಪ್ಟನ್ನಿನ ದನಿ. "ತುಂಬಾ ದಿನ ಆಯ್ತು ಕಣೇ. ಆಡ್ತೀಯಾ ತಾನೇ?"

"ಇದೀನಿ!" ಎಂದಳು, ಹಾಲಿನವರೆಗೂ ಕೇಳಿಸುವಷ್ಟು ಜೋರಾಗಿ. "ಶುರುಮಾಡಿ!"