ಕತ್ತರಿ ಸಾಹೇಬರ ಬೇಲಿ

ನಮ್ಮ ಭಾವ ಅಗ್ನಿಶಾಮಕ ಠಾಣೆಯ ಮುಖ್ಯಸ್ಥರು. ಊರವರು ಇಟ್ಟ ಹೆಸರು ಕತ್ತರಿ ಸಾಹೇಬರು. ಬೇಸಿಗೆ ಕಾಲಿಟ್ಟಿತೆಂದರೆ ಬೆಟ್ಟದ ಬುಡದ ಮನೆಮನೆಗೂ ನುಗ್ಗಿ, ನಿಂತು ಒಣಹುಲ್ಲು ತೆಗೆಸಿ, ಪೊದೆ ಕಡಿಸಿಯೇ ಹೊರಬರುವರು. ಯಾರಾದರೂ ನಾಳೆ ಮಾಡುತ್ತೇನೆ ಅಂದರೋ, ಮುಗಿಯಿತು.

"ಬೆಂಕಿಗೂ ನಾಳೆ ಬಾ ಅಂತ ಹೇಳಿಬಿಡ್ಲಾ?"

ಹೀಗೆ ಊರಿನ ಅಂಗಳಗಳೆಲ್ಲ ಬೋಳಾದವು, ಒಂದನ್ನು ಬಿಟ್ಟು. ಅದು ಭಾವನದೇ. ರಸ್ತೆಯ ಮೇಲ್ಬದಿಯ ಕೊನೆಯ ಆ ಮನೆಯ ಸುತ್ತ ಆಳೆತ್ತರದ ಬೇಲಿಗಿಡ ಒಣಗಿ ಗರಿಗರಿಯಾಗಿ ನಿಂತಿತ್ತು. ಹೇಳಿ ಹೇಳಿ ಅಕ್ಕನಿಗೆ ಬಾಯಿ ನೋವು ಬಂದಿತ್ತು. ತಾನೇ ಕುಡುಗೋಲು ಹಿಡಿದು ಹೊರಟರೆ, "ನೀನ್ಯಾಕೆ? ಭಾನುವಾರ ನಾನೇ ಮಾಡ್ತೀನಿ" ಎಂದು ಕಿತ್ತಿಡುವರು. ಆ ಭಾನುವಾರ ಮಾತ್ರ ಯಾವ ಕ್ಯಾಲೆಂಡರಿನಲ್ಲೂ ಅಚ್ಚಾಗಲಿಲ್ಲ.

ನಾನು ಅದೇ ಠಾಣೆಯಲ್ಲಿ ವೈರ್‌ಲೆಸ್ ನೋಡಿಕೊಳ್ಳುವವಳು. ಬೆಟ್ಟದಾಚೆ ಹೊಗೆ ಎದ್ದ ದಿನ ಇಲಾಖೆಯ ದೊಡ್ಡ ಸಾಹೇಬರು ಕಾರಿನಿಂದಿಳಿದು, ನನ್ನ ಮೇಜಿನ ಮೇಲೆ ನಕ್ಷೆ ಹರಡಿ, ಬೆಂಕಿ ಶಿಖರ ದಾಟುವುದಿಲ್ಲ ಎಂದು ಅಪ್ಪಣೆ ಕೊಡಿಸಿದರು. ಗಾಳಿಗೆ ಅಪ್ಪಣೆಯ ಪ್ರತಿ ತಲುಪಿರಲಿಲ್ಲವೇನೋ. ಸಾಹೇಬರು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಬೆಂಕಿ ಶಿಖರ ದಾಟಿ ನಮ್ಮ ಇಳಿಜಾರಿಗೆ ಬಂದಾಗಿತ್ತು.

ಅಕ್ಕ ಒಂದು ಚೀಲ ಹಿಡಿದುಕೊಂಡು ಬಂದು ನನ್ನ ಪಕ್ಕ ಕುಳಿತಳು.

"ಮನೆ ಉಳಿಯುತ್ತೇನೇ?"

"ಭಾವ ಅಲ್ಲೇ ಇದಾರಲ್ಲಕ್ಕಾ" ಎಂದೆ. ಬೇರೇನು ಹೇಳಲಿ?

ಬೆಂಕಿ ರಸ್ತೆ ದಾಟಿದರೆ ಕೆಳಗಿನ ಊರು ಪೂರ್ತಿ ಹೋಗುತ್ತಿತ್ತು. ಉಳಿದಿದ್ದು ಒಂದೇ ದಾರಿ, ಎದುರು ಬೆಂಕಿ. ರಸ್ತೆಯಂಚಿನಿಂದ ಮೇಲಕ್ಕೆ ನಾವೇ ಹುಲ್ಲು ಸುಟ್ಟುಬಿಟ್ಟರೆ, ದೊಡ್ಡ ಬೆಂಕಿ ಬಂದಾಗ ತಿನ್ನಲು ಏನೂ ಸಿಗುವುದಿಲ್ಲ. ಬೋಳು ಅಂಗಳದ ಮನೆಗಳಿಗೆ ಭಯವಿಲ್ಲ, ನಾವು ಹಚ್ಚಿದ್ದು ಅಂಗಳದಂಚಿಗೆ ಬಂದು ತಾನೇ ಆರುತ್ತದೆ. ಬೇಲಿ ಇರುವ ಮನೆಗೆ ಆ ಭಾಗ್ಯವಿಲ್ಲ.

ವೈರ್‌ಲೆಸ್ಸಿನಲ್ಲಿ ಭಾವ ಕೆಮ್ಮಿದರು. "ನಿಮ್ಮಕ್ಕ ಅಲ್ಲಿದಾಳಾ? ಅವಳ ಕೈಗೆ ಕೊಡು."

ಕೊಟ್ಟೆ.

"ಬೇಲಿ ಕಡಿಯೋಕೆ ಈಗ ಹೊತ್ತಿಲ್ಲ ಕಣೇ. ಹಾಗೇ ಬಿಟ್ರೆ ಅದರ ಕಿಡಿ ರಸ್ತೆ ದಾಟುತ್ತೆ. ನಾವೇ ಹಚ್ಚಬೇಕು. ಮನೇನೂ ಹೋಗುತ್ತೆ."

ಅಕ್ಕ ಕಿಟಕಿಯಾಚೆ ನೋಡಿದಳು. ಬೀದಿಯಲ್ಲಿ ಜನ ಹಾಸಿಗೆ, ಹಂಡೆ, ಅಜ್ಜಿಯಂದಿರನ್ನು ಗಾಡಿಗೆ ಹತ್ತಿಸುತ್ತಿದ್ದರು.

"ಇವತ್ತು ಭಾನುವಾರಾನಾ?" ಎಂದು ಕೇಳಿದಳು.

ಆ ಕಡೆ ಭಾವ ಮತ್ತೆ ಕೆಮ್ಮಿದರು.

"ಹಚ್ಚಿ" ಎಂದಳು.

ಸಂಜೆಗೆ ಬೆಂಕಿ ಕಪ್ಪು ನೆಲದವರೆಗೆ ಬಂದು, ತಿನ್ನಲು ಏನೂ ಸಿಗದೆ ಸತ್ತಿತು. ಮರುದಿನ ದೊಡ್ಡ ಸಾಹೇಬರು ಮೈಕಿನ ಮುಂದೆ ಎದೆಯುಬ್ಬಿಸಿ, "ಕಾಳ್ಗಿಚ್ಚಿಗೆ ಒಂದೇ ಒಂದು ಮನೆಯೂ ಬಲಿಯಾಗಿಲ್ಲ" ಎಂದು ಘೋಷಿಸಿದರು. ಸುಳ್ಳೇನಲ್ಲ. ಅಕ್ಕನ ಮನೆಯನ್ನು ಸುಟ್ಟಿದ್ದು ಕಾಳ್ಗಿಚ್ಚಲ್ಲ, ಇಲಾಖೆ. ಜನ ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಇಬ್ಬರನ್ನೂ ನನ್ನ ಮನೆಗೆ ಕರೆದುಕೊಂಡು ಬಂದೆ. ಭಾವ ಒಳಗೆ ಬರಲಿಲ್ಲ. ನನ್ನ ಸಿಮೆಂಟಿನ ಅಂಗಳದಲ್ಲಿ ಇರುವುದು ಒಂದೇ ಒಂದು ಕುಂಡ. ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ಗಿಡದ ಒಣಗಿದ ಎಲೆಗಳನ್ನು ಒಂದೊಂದಾಗಿ ಕೀಳತೊಡಗಿದರು. ಮುಖದ ಮಸಿಯನ್ನೂ ತೊಳೆದಿರಲಿಲ್ಲ.

ಅಕ್ಕ ಹೊಸಿಲ ಮೇಲೆ ನಿಂತು ಸುಮಾರು ಹೊತ್ತು ನೋಡಿದಳು.

"ಬಿಡೀಂದ್ರೆ, ಭಾನುವಾರ ಮಾಡಿದ್ರಾಯ್ತು" ಎಂದಳು. ಅಷ್ಟು ಹೇಳಿದ್ದೇ ಅವಳಿಗೆ ಅಳು ಒತ್ತರಿಸಿ ಬಂತು.

ಭಾವ ತಲೆ ಎತ್ತಲಿಲ್ಲ. ಒಣ ಎಲೆ ಮುಗಿದ ಮೇಲೆ ಹಸಿ ಎಲೆಯನ್ನೂ ಕೀಳುತ್ತಿದ್ದರು.