ಹಿಂದಿನ ಸೀಟಿನ ಅಕ್ಕ

ರಬ್ಬರಿನ ವಾಸನೆ, ಅದೇ ವಾಸನೆ, ಇಷ್ಟು ವರ್ಷ ಬೇರೆಯವರ ಮುಖಕ್ಕೆ ಒತ್ತಿದ ಮಾಸ್ಕು ಈಗ ತನ್ನ ಮೂಗಿನ ಮೇಲೇ ಕೂತಿದೆ, ಉಸಿರು ಎಳೆದರೆ ಸಣ್ಣಗೆ ಕಟಕ್ ಎನ್ನುತ್ತದೆ, ಬಿಟ್ಟರೆ ಇನ್ನೊಂದು ಕಟಕ್, ಆಪರೇಷನ್ ಕೋಣೆಯಲ್ಲಿ ಅವಳು ಹೇಳುತ್ತಿದ್ದುದೂ ಇಷ್ಟೇ, ನಿಧಾನಕ್ಕೆ ಎಳ್ಕೊಳ್ಳಿ, ಹೆದರ್ಬೇಡಿ, ನಾನಿಲ್ಲೇ ಇದ್ದೀನಿ — ಹೆದರಬೇಡಿ ಎನ್ನುವುದು ಎಷ್ಟು ಸುಲಭ, ಮುಖಕ್ಕೆ ಏನೂ ಕಟ್ಟಿಕೊಳ್ಳದೆ ನಿಂತ ನರ್ಸಿಗೆ. ಮೆಕ್ಯಾನಿಕ್ ಏಣಿಯ ಮೇಲೆ ನಿಂತು ಭುಜದ ಪಟ್ಟಿಗಳನ್ನು ಎಳೆದು ಬಿಗಿಯುತ್ತಿದ್ದಾನೆ, ಅಮ್ಮಾ, ಈ ಹಳದಿ ಹಿಡಿಕೆ ಇದೆಯಲ್ಲ, ಇದನ್ನೊಂದು ಮುಟ್ಬೇಡಿ, ಮುಟ್ಟಿದ್ರೆ ಸೀಟು ಸಮೇತ ಹಾರಿ ನೀವೊಂದು ದಿಕ್ಕು, ವಿಮಾನ ಒಂದು ದಿಕ್ಕು, ಇನ್ನು ತಿರುವಿನಲ್ಲಿ ಮೈಮೇಲೆ ಭಾರ ಬೀಳುತ್ತೆ, ಆಗ ಕಾಲು ಹೊಟ್ಟೆ ಎಲ್ಲ ಬಿಗಿ ಹಿಡಿದು ತಿಣುಕಿ ಮುಕ್ಕಬೇಕು, ನಾಚ್ಕೋಬೇಡಿ, ಎಂಥೆಂಥ ಅಧಿಕಾರಿಗಳೂ ಪಾಯಖಾನೇಲಿ ಕೂತೋರ ಹಾಗೇ ಮುಕ್ತಾರೆ, ಮುಕ್ಕಿದ್ರೆ ರಕ್ತ ತಲೇಲಿ ನಿಲ್ಲುತ್ತೆ, ಬಿಟ್ರೆ ಕಾಲಿಗಿಳಿದು ಕಣ್ಣು ಕತ್ತಲೆ. ಅವಳು ತಲೆಯಾಡಿಸಿದಳು, ಆಡಿದ್ದು ಹೆಲ್ಮೆಟ್ಟು, ತಲೆ ಎಲ್ಲೋ ಅದರೊಳಗೆ ಇತ್ತು.

ಗಾಜಿನ ಮುಚ್ಚಳ ಇಳಿದು ಕೂತಿತು, ಹೊರಗಿನ ಸದ್ದೆಲ್ಲ ಪಕ್ಕದ ಮನೆಯ ಸದ್ದಾಯಿತು, ಮುಂದಿನ ಸೀಟಿನ ಪೈಲಟ್ ಹುಡುಗನ ದನಿ ಮಾತ್ರ ಕಿವಿಯೊಳಗೇ, ಸರಿಯಾಗಿ ಕೂತ್ಕೊಂಡ್ರಾ ಅಕ್ಕ — ತಮ್ಮನ ಜೊತೆ ಮೊದಲ ಸಲ ಮನೆಗೆ ಬಂದು ಉಂಡ ತಟ್ಟೆ ತಾನೇ ತೊಳೆದಿಟ್ಟನಲ್ಲ, ಅಂದಿನಿಂದ ಈ ಹುಡುಗನಿಗೆ ಅವಳು ಅಕ್ಕನೇ, ತಮ್ಮನಿಗೆ ಬಾತುಕೋಳಿ ಎಂದು ಹೆಸರಿಟ್ಟವನೂ ಇವನೇ, ನಡೆಯೋದು ನೋಡಿ ಅಕ್ಕ ಇವನು, ಆಕಾಶಕ್ಕೆ ಹೋದ್ಮೇಲೇ ನೆಟ್ಟಗಾಗೋದು. ತಮ್ಮ ಹೋದ ಆ ದಿನ ಇವನ ವಿಮಾನ ಮುಂದೆ, ತಮ್ಮನದು ಹಿಂದೆ, ಇಬ್ಬರೂ ಒಂದೇ ತಿರುವು ಹಾಕಿದ್ದಾರೆ, ಇವನು ತಿರುವು ಮುಗಿಸಿ ನೋಡಿದರೆ ತಮ್ಮನ ವಿಮಾನ ನೆಟ್ಟಗಾಗಿಲ್ಲ, ಹಾಗೇ ವಾಲಿಕೊಂಡು ಸಮುದ್ರಕ್ಕೆ. ಟೋಪಿ ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತವನೂ ಇವನೇ, ತಿರುವಿನಲ್ಲೇ ಪ್ರಜ್ಞೆ ತಪ್ಪಿತ್ತು ಅಕ್ಕ, ಅವನಿಗೆ ಏನೂ ಗೊತ್ತಾಗಿರಲ್ಲ. ಗೊತ್ತಾಗಿರಲ್ಲ. ಆ ಮಾತು ಅವಳದೇ ಅಲ್ಲವೇ, ಆಪರೇಷನ್ ಕೋಣೆಯ ಬಾಗಿಲು ಅರ್ಧ ತೆರೆದು ಎಷ್ಟು ಮನೆಯವರಿಗೆ ಅವಳೇ ಹೇಳಿಲ್ಲ, ಅವರಿಗೆ ಏನೂ ಗೊತ್ತಾಗ್ಲಿಲ್ಲ, ನಿದ್ದೇಲೇ ಹೋದ್ರು, ತನ್ನ ಮಣಿಕಟ್ಟನ್ನು ಕೊನೆಯವರೆಗೂ ಬಿಡದೆ ಹಿಡಿದಿದ್ದ ಆ ಮುದುಕನ ಹೆಂಡತಿಗೂ ಅದನ್ನೇ ಹೇಳಿದಳು, ಉಗುರಿನ ಗುರುತು ಸೆರಗಿನಲ್ಲಿ ಮುಚ್ಚಿಕೊಂಡು. ಬಾಯಾರಿದವರಿಗೆ ನೀರು ಕೊಟ್ಟ ಹಾಗೆ ಕೊಡುವ ಮಾತು ಅದು, ನಿಜವೇ ಸುಳ್ಳೇ ಎಂದು ಯಾರು ಕೇಳುತ್ತಾರೆ. ಈಗ ಅದನ್ನೇ ತನಗೆ ಯಾರು ಕೊಟ್ಟರೂ ಗಂಟಲಲ್ಲಿ ಇಳಿಯುವುದಿಲ್ಲ.

ವಾಯುಪಡೆಯವರು ಈ ಹಳೆಯ ವಿಮಾನಗಳನ್ನು ಇನ್ನು ಹಾರಿಸುವುದಿಲ್ಲವಂತೆ, ಅದಕ್ಕೇ ಅವುಗಳಲ್ಲಿ ಹೋದವರ ಮನೆಗೊಬ್ಬರಂತೆ ಕರೆದು ಒಂದು ಸುತ್ತು ಹಾರಿಸುತ್ತೇವೆ ಎಂದರು, ತಮ್ಮನ ಹೆಂಡತಿ ಅತ್ತುಬಿಟ್ಟಳು, ಅದರ ನೆರಳೂ ಬೇಡ ಅತ್ತಿಗೆ, ಈ ವಯಸ್ಸಲ್ಲಿ ನಿಮಗ್ಯಾಕೆ ಬೇಕು, ಡಾಕ್ಟರು ಎದೆ ನೋಡಿ ಬೆನ್ನು ತಟ್ಟಿ ಗಟ್ಟಿ ಇದ್ದೀರಿ ಎಂದರು, ಅವಳು ಈ ಹುಡುಗನಿಗೆ ಹೇಳಿದ್ದು ಒಂದೇ, ಅವನು ಹಾಕಿದ ತಿರುವು ನನಗೂ ಹಾಕು. ಅವನು ಒಪ್ಪಿದ್ದು ಇಷ್ಟಕ್ಕೆ, ಅಷ್ಟು ಬಿಗಿ ಬೇಡ ಅಕ್ಕ, ಅದರಲ್ಲಿ ಮುಕ್ಕಾಲು.

ಬೆನ್ನಿಗೆ ಯಾರೋ ಅಂಗೈ ಕೊಟ್ಟು ನೂಕಿದರು, ನೂಕುತ್ತಲೇ ಇದ್ದಾರೆ, ಓಡುದಾರಿಯ ಗೆರೆಗಳೆಲ್ಲ ಒಂದೇ ಗೆರೆ, ಆಮೇಲೆ ಗೆರೆಯೂ ಇಲ್ಲ, ನೆಲ ಹೆಗಲಿಂದ ಜಾರಿದ ಶಾಲಿನ ಹಾಗೆ ಬಿದ್ದುಹೋಯಿತು, ದೇವರೇ, ಎಷ್ಟು ಬೆಳಕಿಟ್ಟಿದ್ದೀಯಪ್ಪ ಇಲ್ಲಿ, ತಮ್ಮ ಇದನ್ನು ದಿನಾ ನೋಡುತ್ತಿದ್ದನೇ, ಮನೆಗೆ ಬಂದು ಒಂದು ಮಾತೂ ಹೇಳಲಿಲ್ಲವಲ್ಲ ಕಳ್ಳ, ಸಾರಿಗೆ ಉಪ್ಪು ಕಮ್ಮಿ ಅಂತ ಮಾತ್ರ ಹೇಳುತ್ತಿದ್ದ. ಮುಂದಿನ ಚೌಕಟ್ಟಿಗೆ ಒಂದು ಚಿಕ್ಕ ಕನ್ನಡಿ, ಅದರಲ್ಲಿ ಹುಡುಗನ ಮುಖವಿಲ್ಲ, ಹೆಲ್ಮೆಟ್ಟಿನಿಂದ ಕಣ್ಣಿಗೆ ಇಳಿಬಿಟ್ಟ ಕಪ್ಪು ಗಾಜು, ಅದರೊಳಗೆ ಸೂರ್ಯನ ಒಂದು ಚುಕ್ಕೆ. ಕೆಳಗೆ ಸಮುದ್ರ. ಇಲ್ಲೇ ಅಕ್ಕ, ಎಂದ. ತಮ್ಮ ಹೋದ ಮೇಲೆ ಅವಳು ದೇವರಲ್ಲಿ ಬೇರೇನೂ ಬೇಡಿಲ್ಲ, ದೀಪ ಹಚ್ಚುತ್ತಾಳೆ, ಕೈ ಮುಗಿಯುತ್ತಾಳೆ, ಒಂದೇ ಪ್ರಶ್ನೆ ಕೇಳುತ್ತಾಳೆ, ಹಠವಲ್ಲಪ್ಪ, ಗೊತ್ತಿರಬೇಕು ಅಷ್ಟೇ, ಕೊನೆಯ ಗಳಿಗೆಯಲ್ಲಿ ನಾನೇ ಎತ್ತಿ ಆಡಿಸಿದ ನನ್ನ ಮಗುವಿಗೆ ಭಯವಾಯಿತೇ.

ಲೋಕ ಮಗ್ಗುಲಾಯಿತು, ಭಾರ ಬಿತ್ತು, ಕೆನ್ನೆ ಕೆಳಗೆ ಜಗ್ಗಿತು, ತೊಡೆಯ ಮೇಲಿನ ಕೈ ಎತ್ತಿದರೆ ಏಳಲೊಲ್ಲದು, ರಕ್ತ ಇಳಿಯದಂತೆ ಕಾಲಿಗೆ ಸುತ್ತಿದ ಗಾಳಿಚೀಲ ಉಬ್ಬಿ ಹಿಂಡಿತು, ಅವಳು ಮೆಕ್ಯಾನಿಕ್ ಹೇಳಿದಂತೆ ಮುಕ್ಕಿದಳು, ನಾಚಿಕೆಯಿಲ್ಲದೆ ಮುಕ್ಕಿದಳು, ಸಮುದ್ರ ನೀಲಿಯಾಗಿಯೇ ಉಳಿಯಿತು. ಸಾಕಾ ಅಕ್ಕ. ಇಲ್ಲ, ಇನ್ನೊಂದು. ಇನ್ನೊಂದರಲ್ಲಿ ಎಲ್ಲ ಬಿಟ್ಟಳು, ಕಾಲು ಬಿಟ್ಟಳು, ಹೊಟ್ಟೆ ಬಿಟ್ಟಳು, ಉಸಿರು ಬಿಟ್ಟಳು, ಮೊದಲು ಬಣ್ಣ ಹೋಯಿತು, ಸಮುದ್ರ ಬೂದಿ, ತನ್ನ ಕೈಯೂ ಬೂದಿ, ಸುತ್ತಲಿಂದ ಕತ್ತಲೆ ಹತ್ತಿರ ಬಂತು, ಕಿಂಡಿಯಷ್ಟು ಉಳಿಯಿತು, ಕಿಂಡಿಯಲ್ಲಿ ಕನ್ನಡಿ, ಕನ್ನಡಿಯಲ್ಲಿ ಕಪ್ಪು ಗಾಜು, ಆಮೇಲೆ ಅದೂ ಇಲ್ಲ. ಆದರೆ ತಾನಿದ್ದೇನೆ. ಕಣ್ಣಿಲ್ಲ, ತಾನಿದ್ದೇನೆ, ಹಾಗಾದರೆ ತಮ್ಮನೂ ಇದ್ದ, ಈ ಕತ್ತಲೆಯಲ್ಲಿ ಅವನೂ ಇದ್ದ, ಎಂದು ಎದೆ ಧಸಕ್ಕೆನ್ನುವಷ್ಟರಲ್ಲಿ ಅಕ್ಕಾ, ಎಂದು ಯಾರೋ ಕರೆದರು, ನಿದ್ದೆ ಹತ್ತುವಾಗ ಒಳಮನೆಯಿಂದ ಕರೆದ ಹಾಗೆ, ಎದ್ದು ಹೋಗಬೇಕಾಗಿಲ್ಲ, ಮನೆಯಲ್ಲಿ ಜನ ಇದ್ದಾರೆ, ಎದೆ ತನ್ನಷ್ಟಕ್ಕೆ ಸುಮ್ಮನಾಯಿತು, ಬಂದೆ ಇರು ಎಂದುಕೊಂಡಳು, ಮತ್ತೆ —

ಕೈಗಳು ಅದುರುತ್ತಿವೆ, ಯಾರ ಕೈಗಳಿವು, ರೋಗಿಯ ಕೈ ಹಿಡಿಯಬೇಕು, ಯಾವ ರೋಗಿ, ಎಷ್ಟು ಹೊತ್ತಾಯಿತು, ಬೂದಿಗೆ ಬಣ್ಣ ಬಂತು, ನೀಲಿ, ಸಮುದ್ರ, ಅಕ್ಕಾ, ಅಕ್ಕಾ, ಮಾತಾಡಿ ಅಕ್ಕ, ಹೂಂ, ಎಂದಳು, ಹೂಂ ಕಣೋ. ವಿಮಾನ ನೆಟ್ಟಗೆ ಹೋಗುತ್ತಿತ್ತು. ಅವನ ಏದುಸಿರು ಅವಳ ಕಿವಿಯೊಳಗೇ, ಬೇಕಂತಲೇ ಬಿಟ್ರಿ ಅಲ್ವಾ, ನನ್ನ ಪ್ರಾಣ ಹೋಗಿತ್ತು, ಆಮೇಲೆ ಬೇರೆ ದನಿಯಲ್ಲಿ, ಅಕ್ಕ, ನಾನು ಕರೆದದ್ದು ಕೇಳಿಸ್ತಾ.

ಆಗ ಹೊಳೆಯಿತು. ಆ ದಿನವೂ ಇವನು ಕರೆದಿದ್ದಾನೆ, ರೇಡಿಯೋದಲ್ಲಿ, ಬಾತುಕೋಳಿ, ಮೇಲಕ್ಕೆ ಎಳೆಯೋ, ಎಳೆಯೋ, ನೀರು ಮುಟ್ಟುವವರೆಗೂ ಕರೆದಿರುತ್ತಾನೆ, ತಾನು ತನ್ನ ಪ್ರಶ್ನೆಯೊಂದನ್ನೇ ಸೆರಗಿಗೆ ಕಟ್ಟಿಕೊಂಡು ಬಂದೆ, ಇವನ ಗಂಟಲಲ್ಲೂ ಒಂದು ಸಿಕ್ಕಿಕೊಂಡಿರಬಹುದು ಎಂದು ಒಮ್ಮೆಯಾದರೂ ನೆನೆಯಲಿಲ್ಲವಲ್ಲ. ಇಲ್ಲಪ್ಪ, ಏನೂ ಕೇಳಿಸಲಿಲ್ಲ — ಮಾತು ನಾಲಿಗೆಯ ಮೇಲೆ ತಾನಾಗಿ ಬಂದು ನಿಂತಿತು, ಇಷ್ಟು ವರ್ಷದ ರೂಢಿ. ಕನ್ನಡಿಯಲ್ಲಿ ಕಪ್ಪು ಗಾಜು ಮೇಲಕ್ಕೆ ಸರಿಯಿತು, ಕಣ್ಣುಗಳು. ಒಂದು ಸಲ ಕೇಳಿಸ್ತು, ಎಂದಳು, ಮೊದಲನೇದು, ಆಮೇಲಿಂದು ಯಾವುದೂ ಇಲ್ಲ. ಭಯ ಆಯ್ತಾ ಅಕ್ಕ. ಆಗಿತ್ತು ಕಣೋ, ನೀನು ಕರೆದ ಮೇಲೆ ಇಲ್ಲ. ಎಂಜಿನ್ನು ಒಂದೇ ಸಮ, ರೆಕ್ಕೆ ಸಮ, ಸಮುದ್ರ ಸಮ, ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿದೆ, ಗಾಜು ಇಳಿಸಿಕೊಳ್ಳೋ, ಕಣ್ಣು ಹೋಗುತ್ತೆ, ಎನ್ನಬೇಕು, ಎನ್ನಲಿಲ್ಲ, ಅವನು ಇಳಿಸಲಿಲ್ಲ, ಕನ್ನಡಿ, ಕನ್ನಡಿಯಲ್ಲಿ ಆ ಕಣ್ಣುಗಳು, ನೀರು ತುಂಬಿ, ಬಿಸಿಲಿಗೆ ಮಿಟುಕಿಸದೆ, ಆ ಕಣ್ಣುಗಳು